ಸನೋಬರ್‌ಳ ಮೂರನೆಯ ಸಾವು

ಗಡಿಠಾಣೆಯ ಅಧಿಕಾರಿ ತಂತಿಯ ಕಾಗದವನ್ನು ಗಾಜಿನ ಕೆಳಗಿನ ಸಂದಿಯಿಂದ ಹೊರಕ್ಕೆ ತಳ್ಳಿದ. ಓಯ್ದಿನ್ ಅದನ್ನು ಮತ್ತೆ ಒಳಕ್ಕೆ ತಳ್ಳಿದಳು.

"ಇನ್ನೊಂದ್ಸಲ ನೋಡಿ ಅಣ್ಣ. ವೈದ್ಯರ ಸಹಿ ಇದೆ, ಮೊಹರೂ ಇದೆ. ನಮ್ಮಮ್ಮ ಬೆಳಗಿನ ಜಾವ ತೀರಿಕೊಂಡ್ಲು. ಮಧ್ಯಾಹ್ನದ ನಮಾಜಿಗೆ ಎತ್ತಿಬಿಡ್ತಾರೆ."

ಗಡಿ ಮುಚ್ಚಿ ಐದು ವರ್ಷವಾಗಿತ್ತು. ಆಚೆ ಕಡೆ ಹೆತ್ತವರೋ ಒಡಹುಟ್ಟಿದವರೋ ಸತ್ತರೆ, ಸಾವಿನ ತಂತಿ ತೋರಿಸಿದವರನ್ನು ಮೂರು ದಿನದ ಮಟ್ಟಿಗೆ ಒಳಗೆ ಬಿಡುತ್ತಿದ್ದರು. ಬೇರೆ ಯಾವ ಕಾರಣಕ್ಕೂ ಗೇಟು ತೆರೆಯುತ್ತಿರಲಿಲ್ಲ.

ಅಧಿಕಾರಿ ಕಂಪ್ಯೂಟರಿನ ಪರದೆಯನ್ನು ಅವಳತ್ತ ತಿರುಗಿಸಿದ. "ಸನೋಬರ್. ಇದೇ ಊರು, ಇದೇ ಬೀದಿ. ನಾಲ್ಕು ವರ್ಷದ ಹಿಂದೆ ಹೃದಯ ನಿಂತು ಸತ್ತಿದಾಳೆ. ಹೋದ ವರ್ಷ ನ್ಯುಮೋನಿಯಾ ಆಗಿ ಮತ್ತೆ ಸತ್ತಿದಾಳೆ. ಎರಡು ಸಲಾನೂ ಮಗಳು ಓಯ್ದಿನ್ ಹೋಗಿ ಅತ್ತು ಬಂದಿದಾಳೆ. ಇನ್ನೆಷ್ಟು ಸಲ ಸಾಯ್ತಾಳಮ್ಮ ನಿಮ್ಮಮ್ಮ?"

ಸಾಲಿನಲ್ಲಿ ನಿಂತಿದ್ದವರು ನಕ್ಕರು. ಅವಳು ತೊಟ್ಟಿದ್ದ ಸೂತಕದ ನೀಲಿ ಅಂಗಿ, ಸೊಂಟಕ್ಕೆ ಬಿಗಿದ ವಸ್ತ್ರ ಕಣ್ಣಿಗೆ ಬಿದ್ದ ಮೇಲೆ ಒಬ್ಬೊಬ್ಬರಾಗಿ ಸುಮ್ಮನಾದರು.

"ಆಗಿನವು ಎರಡೂ..." ಎಂದು ಶುರುಮಾಡಿ ಓಯ್ದಿನ್ ಬಾಯಿ ಮುಚ್ಚಿದಳು.

"ಸುಳ್ಳು ಅಂತೀಯಾ? ಬರೆದುಕೊಡು, ಈಗಲೇ ಗೇಟು ತೆಗೀತೀನಿ. ಸುಳ್ಳು ತಂತಿ ಕಳಿಸಿದ್ದು ನಿಮ್ಮಣ್ಣ. ಅವನನ್ನ, ಸಹಿ ಹಾಕಿದ ವೈದ್ಯನ್ನ ಸಂಜೆಯೊಳಗೆ ಒಳಗೆ ಹಾಕ್ತಾರೆ. ಮಣ್ಣು ಕೊಟ್ಟ ಕೈಗೆ ಬೇಡಿ. ಬರೀತೀಯಾ?"

ಓಯ್ದಿನ್ ತನ್ನ ಹೊಸ ಪಾಸ್‌ಪೋರ್ಟನ್ನು ಬಿಡಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಹುಟ್ಟಿದ್ದು ನಿಮ್ಮ ಕಡೇನೇ ಅಂತ ಇಲ್ಲೇ ಬರೆದಿದೆಯಲ್ಲ ಅಣ್ಣ."

"ಹುಟ್ಟಿದ್ದಕ್ಕೆ ಬಿಡೋದಿಲ್ಲಮ್ಮ" ಎಂದ ಅಧಿಕಾರಿ. ಈ ಸಲ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. "ಸತ್ತಿದ್ದಕ್ಕೆ ಮಾತ್ರ ಬಿಡೋದು."

*

ಆ ಪಾಸ್‌ಪೋರ್ಟನ್ನು ಮಾಡಿಸಿಕೋ ಎಂದು ಒತ್ತಾಯ ಮಾಡಿದವಳೇ ಸನೋಬರ್. "ಗಂಡನ ಮನೆ ಅನ್ನ, ತವರುಮನೆ ಕಾಗದ, ಎಷ್ಟು ದಿನ ಅಂತ ನಡೆಯುತ್ತೆ? ಎರಡೆರಡು ತಿಂಗಳಿಗೆ ಮೊಹರು ಹಾಕಿಸ್ಕೊಳ್ಳೋಕೆ ಅಲೀತೀಯ. ತಗೊಂಡುಬಿಡು. ಕಾಗದ ಬದಲಾದ್ರೆ ನಾನೇನು ಬದಲಾಗ್ತೀನಾ?" ಎಂದಿದ್ದಳು. ತಾಯಿಮಗಳ ಮನೆಗಳ ನಡುವೆ ಇದ್ದದ್ದು ಒಂದು ಕಾಲುವೆ, ಕೂಗಳತೆಯ ದೂರ. ಓಯ್ದಿನ್ ಹೊಸ ಪೌರತ್ವ ಪಡೆದ ಮರುವರ್ಷವೇ ಕಾಲುವೆಯ ಎರಡೂ ದಡಕ್ಕೆ ಬೇಲಿ ಬಂತು.

ಸನೋಬರ್ ಮೂವತ್ತು ವರ್ಷ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚಿದವಳು. ಕುದಿನೀರಿನಲ್ಲಿ ಗೂಡು ತಡಕಿ ತಡಕಿ ಅವಳ ಬೆರಳ ತುದಿಗಳು ಸವೆದು ನುಣ್ಣಗಾಗಿದ್ದವು. ಬಿಸಿ ರೊಟ್ಟಿಯನ್ನು ಬರಿಗೈಯಲ್ಲೇ ಒಲೆಯಿಂದ ಕೀಳುತ್ತಿದ್ದಳು. ಕಾರ್ಖಾನೆ ನಿಂತ ಮೇಲೆ ಮನೆಯ ದೊಡ್ಡ ಕೋಣೆಯನ್ನು ಹುಳುಗಳಿಗೆ ಬಿಟ್ಟುಕೊಟ್ಟು, ತಾನು ಜಗಲಿಯಲ್ಲಿ ಮಲಗುತ್ತಿದ್ದಳು. ಇಷ್ಟೇ ಅವಳ ಬದುಕು. ಅವಳು ಮಾಡಿದ ದೊಡ್ಡ ಅಪರಾಧವೆಂದರೆ ಎರಡು ಸಲ ಸತ್ತದ್ದು.

ಮೊದಲನೆಯ ಸಾವು ಜರ್ದಾಳು ಹಣ್ಣಿನ ಕಾಲದಲ್ಲಿ ಬಂತು. ಠಾಣೆಯವರ ಕಣ್ಣಿಗೆ ಮಣ್ಣೆರಚಲು ಓಯ್ದಿನ್ ದಾರಿಯುದ್ದಕ್ಕೂ ಗೋಳಾಡುತ್ತ ಬಂದಿದ್ದಳು. ಅಂಗಳದಲ್ಲಿ ಸನೋಬರ್ ಬುಟ್ಟಿ ತುಂಬ ಹಣ್ಣಿಟ್ಟುಕೊಂಡು ಕೂತಿದ್ದಳು. "ಸಾಕು ಬಿಡೇ, ಕಣ್ಣೀರು ಉಳಿಸ್ಕೋ. ಮುಂದಕ್ಕೆ ಬೇಕಾಗುತ್ತೆ" ಎಂದಳು. ತಾಯಿಮಗಳು ಬಿದ್ದುಬಿದ್ದು ನಕ್ಕರು.

ಎರಡನೆಯ ಸಲ ಮಗ ತುರ್ಗುನ್ ಸಾವಿನ ತಂತಿಯಲ್ಲಿ ತನ್ನ ಹೆಸರು ಬರೆಸುತ್ತೇನೆಂದ. ಸನೋಬರ್ ಒಪ್ಪಲಿಲ್ಲ. "ನೀನು ಮಕ್ಕಳೊಂದಿಗ, ಬಾಯಲ್ಲಿ ಅಂಥ ಮಾತು ಆಡಬೇಡ. ನನ್ನನ್ನೇ ಸಾಯಿಸು, ನನಗೆ ಅಭ್ಯಾಸ ಆಗಿದೆ."

*

"ಬಿಡಲಿಲ್ವಂತೆ" ಎಂದು ತುರ್ಗುನ್ ಫೋನನ್ನು ಜೇಬಿಗೆ ಇಳಿಸಿದ. ನಡುಕಟ್ಟು ಬಿಗಿದು, ಕೋಲೂರಿ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಅಳುತ್ತ ಬರಮಾಡಿಕೊಂಡು ಅವನ ಗಂಟಲು ಒಡೆದುಹೋಗಿತ್ತು. ಒಳಗೆ ಹೆಂಗಸರ ಗೋಳು ಒಮ್ಮೆಲೇ ಏರಿತು.

"ಇನ್ನು ಕಾಯೋದು ಬೇಡಪ್ಪ, ಸತ್ತವರನ್ನ ಕಾಯಿಸಬಾರದು" ಎಂದರು ಇಮಾಮರು.

"ಗುರುಗಳೇ, ನಮಾಜು ಮಸೀದಿ ಅಂಗಳದಲ್ಲಿ ಬೇಡ. ಕಾಲುವೆ ದಡದ ಬಯಲಲ್ಲಿ ಮಾಡೋಣ. ತಂಗಿ ಆಚೆ ದಡಕ್ಕೆ ಬಂದು ನಿಲ್ತಾಳೆ."

"ನೆರಳಿಲ್ಲ, ನೀರಿಲ್ಲ, ಕಾವಲು ಗೋಪುರದವರ ಕಿರಿಕಿರಿ ಬೇರೆ."

ಸನೋಬರ್‌ಳ ಅಕ್ಕ ಬಾಗಿಲಿಗೆ ಬಂದಳು. ಎಂಬತ್ತರ ಮುದುಕಿ, ಅತ್ತು ಮುಖ ಬಾತಿತ್ತು. "ಮಗಳೊಬ್ಳು ಹೆತ್ತೋಳನ್ನ ದೂರದಿಂದ ನೋಡಿದ್ರೆ ನಿಮ್ಮ ನಮಾಜು ಕೆಟ್ಟುಹೋಗುತ್ತಾ ಗುರುಗಳೇ?"

ಇಮಾಮರು ಗಡ್ಡ ಸವರಿಕೊಂಡು, "ನಡೀರಿ" ಎಂದರು.

ತುರ್ಗುನ್ ತಂಗಿಗೆ ಫೋನು ಮಾಡಿದ. "ಮುಖ ತೋರಿಸೋಕಾಗಲ್ಲ ಕಣೇ, ಕಫನ್ ಬಟ್ಟೆ ಸುತ್ತಿ ಕಟ್ಟಿಬಿಟ್ಟಿದಾರೆ. ಆದ್ರೆ ಅಮ್ಮನ ಕೆಂಪು ರೇಷ್ಮೆ ಹೊದಿಸಿದೀವಿ. ಬಯಲಲ್ಲಿ ಇಳಿಸ್ತೀವಿ, ಕಣ್ತುಂಬ ನೋಡ್ಕೋ."

*

ಓಯ್ದಿನ್‌ಳ ಗಂಡ ಎರ್ಗಾಶ್ ಕಾರನ್ನು ಬೇಲಿಯ ಹತ್ತಿರದವರೆಗೂ ತಂದು ನಿಲ್ಲಿಸಿದ. ಆಚೆ ದಡದ ಓಣಿಯಿಂದ ಜನ ಬರುತ್ತಲೇ ಇದ್ದರು. ಕಾರ್ಖಾನೆಯ ಹಳಬರು, ಹುಳು ಸಾಕುವವರು, ಅವಳ ಕೈರೊಟ್ಟಿ ತಿಂದವರು. ಚಟ್ಟಕ್ಕೆ ಹೆಗಲು ಕೊಡಲು ನೂಕುನುಗ್ಗಲು. ಆ ಗುಂಪಿನ ನಡುವೆ ಅದು ಎಲ್ಲಿದೆಯೆಂದೇ ತಿಳಿಯಲಿಲ್ಲ.

"ಇಳಿಸ್ಲಿ, ಆಮೇಲೆ ಕಾಣುತ್ತೆ" ಎಂದಳು ಓಯ್ದಿನ್.

ಚಟ್ಟವನ್ನು ನೆಲಕ್ಕಿಳಿಸಿದರು. ಅದರ ಹಿಂದೆ ಗಂಡಸರು ಸಾಲುಗಟ್ಟಿದರು. ಒಂದು ಸಾಲು, ಎರಡು, ಐದು, ಎಂಟು. ಎಲ್ಲರೂ ಪಡುವಣಕ್ಕೆ ಮುಖ ಮಾಡಿದರು. ಓಯ್ದಿನ್ ನಿಂತದ್ದು ಮೂಡಣ ದಡದಲ್ಲಿ. ತುರ್ಗುನ್‌ಗೆ ದುಃಖದಲ್ಲಿ ಅದು ಹೊಳೆದಿರಲಿಲ್ಲ. ಈಗ ಅವಳ ಕಣ್ಣೆದುರು ಇನ್ನೂರು ಬೆನ್ನುಗಳಿದ್ದವು, ಅವುಗಳಾಚೆ ಎಲ್ಲೋ ಅಮ್ಮ.

ಅವಳು ಎಡಕ್ಕೆ ಓಡಿದಳು, ಬಲಕ್ಕೆ ಓಡಿದಳು. ಕಾರಿನ ಮೇಲೆ ಹತ್ತಿದಳು. ಗೋಪುರದಿಂದ ಸಿಪಾಯಿ ಗದರಿದ, "ಏಯ್, ಇಳಿ ಕೆಳಗೆ!" ಎರ್ಗಾಶ್ ಅವಳ ಕೈಹಿಡಿದು ಇಳಿಸಿದ.

"ಪರವಾಗಿಲ್ಲ" ಎಂದಳು ಏದುಸಿರು ಬಿಡುತ್ತ. "ನಮಾಜಿನಲ್ಲಿ ಬಾಗ್ತಾರಲ್ಲ, ಆಗ ಕಾಣುತ್ತೆ. ಒಂದೇ ಸಲ ಬಾಗಿದ್ರೂ ಸಾಕು."

ಅವರ ಕಡೆ ಹೆಂಗಸರು ಹೆಣದ ಹಿಂದೆ ಹೋಗುವ ಪದ್ಧತಿಯಿಲ್ಲ. ಓಯ್ದಿನ್ ಆ ನಮಾಜನ್ನು ಎಂದೂ ನೋಡಿದವಳಲ್ಲ. ಸತ್ತವರ ನಮಾಜಿನಲ್ಲಿ ಬಾಗುವುದಿಲ್ಲ, ಮೊದಲಿನಿಂದ ಕೊನೆಯವರೆಗೂ ನಿಂತೇ ಮುಗಿಸುತ್ತಾರೆ ಎಂದು ಎರ್ಗಾಶ್‌ಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಇಮಾಮರ ದನಿ ನೀರಿನ ಮೇಲೆ ತೇಲಿ ಬಂತು. ಓಯ್ದಿನ್ ಬೇಲಿಗೆ ಎದೆಯೊತ್ತಿ, ತುದಿಗಾಲಲ್ಲಿ ನಿಂತು, ರೆಪ್ಪೆ ಮಿಟುಕಿಸದೆ, ಆ ಬೆನ್ನುಗಳು ಬಾಗುವುದನ್ನೇ ಕಾಯುತ್ತಿದ್ದಳು.