ಪದ್ಮಕ್ಕನ ಗೆರೆ, ಗೋಪಿನಾಥನ ಗೆರೆ

ಗೋಪಿನಾಥನಿಗೆ ಧೂಳು ಕಂಡರೆ ಆಗುತ್ತಿರಲಿಲ್ಲ. ದೆಹಲಿಯಲ್ಲಿದ್ದುಕೊಂಡು ಧೂಳಿನ ಮೇಲೆ ಹಗೆ ಸಾಧಿಸುವುದೆಂದರೆ ದಿನವಿಡೀ ಮಾಡಿದರೂ ಮುಗಿಯದ ಕೆಲಸ. ಅದನ್ನು ಅವನು ಮೂವತ್ತು ವರ್ಷದಿಂದ, ಪಕ್ಕದ ನೊಯ್ಡಾದ ದೊಡ್ಡ ಆನಿಮೇಶನ್ ಸ್ಟುಡಿಯೊದಲ್ಲಿ ಸಂಬಳ ತೆಗೆದುಕೊಂಡೇ ಮಾಡುತ್ತಿದ್ದ.

ಸ್ಟುಡಿಯೊದ ಮೂರನೆಯ ಮಹಡಿಯಲ್ಲಿ ಕೈಯಲ್ಲಿ ಚಿತ್ರ ಬರೆಯುವವರ ಕೋಣೆ. ಅಲ್ಲಿ ಪದ್ಮಕ್ಕ ನೀಲಿ ಪೆನ್ಸಿಲ್ಲಿನಲ್ಲಿ ಕರಡು ಗೀಚುತ್ತಿದ್ದಳು. ಒಂದು ಮೂಗಿಗೆ ನಾಲ್ಕು ಗೆರೆ, ಅಂಚಿನಲ್ಲಿ ಕನ್ನಡದ ಟಿಪ್ಪಣಿ, ಮೂಲೆಯಲ್ಲಿ ಚಹಾ ಲೋಟದ ಉಂಗುರ. ಆ ಹಾಳೆಯನ್ನು ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲಿಟ್ಟು, ಅದರ ಮೇಲೊಂದು ಹೊಸ ಹಾಳೆ ಹಾಸಿ, ನಾಲ್ಕು ಗೆರೆಗಳಲ್ಲಿ ಸರಿಯಾದ ಒಂದನ್ನು ಆರಿಸಿ, ಉಸಿರು ಬಿಗಿಹಿಡಿದು ಕಪ್ಪಾಗಿ ಎಳೆಯುವುದು ಗೋಪಿನಾಥನ ಪಾಲಿನದು. ಅವನ ಗೆರೆ ನಡುಗಿದ್ದನ್ನು ಕಂಡವರಿಲ್ಲ. ಅದರ ಬಗ್ಗೆ ಅವನಿಗೆ ಒಂಚೂರು ಜಂಬವೂ ಇತ್ತು. ಒಂಚೂರಲ್ಲ, ಬೇಕಾದಷ್ಟಿತ್ತು.

ಈಗ ಆ ಕೋಣೆಯ ಎಂಟು ಮೇಜುಗಳಲ್ಲಿ ಆರು ಖಾಲಿ. ಉಳಿದವರೆಲ್ಲ ಎರಡನೆಯ ಮಹಡಿಗೆ ಇಳಿದು ಕಂಪ್ಯೂಟರ್ ಹಿಡಿದಿದ್ದರು. ಸ್ಟುಡಿಯೊ ಹೊಸದೊಂದು ಚಿತ್ರಕ್ಕೆ ಕೈಹಾಕಿತ್ತು, ಮಗಳ ಮನೆಗೆಂದು ಮೊದಲ ಸಲ ದೆಹಲಿಗೆ ಬರುವ ಅಜ್ಜಿಯ ಕಥೆ. ಅದನ್ನು ಕೈಯಲ್ಲಿ ಬರೆಯುವುದೋ, ಕಂಪ್ಯೂಟರಿನಲ್ಲೋ? ಎರಡೂ ಕಡೆಯವರು ಒಂದೇ ದೃಶ್ಯವನ್ನು ಹನ್ನೆರಡು ಸೆಕೆಂಡು ಮಾಡಿ ತೋರಿಸಬೇಕು, ಶುಕ್ರವಾರ ಬೋರ್ಡಿನ ಐದು ಜನ ನೋಡಿ ತೀರ್ಮಾನಿಸುತ್ತಾರೆ ಎಂದಾಗಿತ್ತು. ಸುದ್ದಿ ತಂದವಳು ಹೊಸ ಮುಖ್ಯಸ್ಥೆ ನಿಹಾರಿಕಾ. ಅಪ್ಪ ಅಮ್ಮ ಮೈಸೂರಿನವರಾದರೂ ಹುಟ್ಟಿ ಬೆಳೆದದ್ದೆಲ್ಲ ದೆಹಲಿಯ ಮಯೂರ್ ವಿಹಾರದಲ್ಲಿ.

"ಪದ್ಮಾ ಆಂಟಿ, ನಾನು ಪ್ರಾಮಿಸ್ ಮಾಡಕ್ಕಾಗಲ್ಲ. ಅವ್ರು ಸ್ಕ್ರೀನ್ ಮೇಲೆ ನೋಡಿ ಡಿಸೈಡ್ ಮಾಡ್ತಾರೆ, ಬಸ್. ಕಂಪ್ಯೂಟರ್ ಅಂದ್ರೆ ಈ ರೂಮ್ ಕ್ಲೋಸ್."

ಕೋಣೆ ಮುಚ್ಚಿದರೆ ಪದ್ಮಕ್ಕ ಮನೆಗೆ, ಗೋಪಿನಾಥ ಕೆಳಗಿಳಿದು ಕಂಪ್ಯೂಟರ್ ಹುಡುಗರ ಫೈಲುಗಳಿಗೆ ಹೆಸರು ಹಾಕುವುದಕ್ಕೆ. ಐವತ್ತೆರಡನೆಯ ವಯಸ್ಸಿನಲ್ಲಿ! ಅವನಿಗೆ ಎರಡು ದಿನ ಊಟವೇ ಸೇರಲಿಲ್ಲ.

ಪದ್ಮಕ್ಕ ಮಾತ್ರ ಮೆಟ್ರೊ ಸ್ಟೇಷನ್ನಿಗೆ ಹೋಗಿ ಎರಡು ಬೆಳಗ್ಗೆ ಎಸ್ಕಲೇಟರಿನ ಬುಡದಲ್ಲಿ ನಿಂತುಬಂದಳು. ಅವರಿಗೆ ಸಿಕ್ಕಿದ ದೃಶ್ಯ ಅದೇ: ಅಜ್ಜಿ ಮೊದಲ ಸಲ ಎಸ್ಕಲೇಟರ್ ಹತ್ತುವುದು. ಎಲ್ಲಿಗೆ ಹೋಗಬೇಕು ಮಾತಾಜಿ ಎಂದು ಕೇಳಿದ ಗಾರ್ಡಿಗೆ, "ಎಲ್ಲೂ ಇಲ್ಲ ಭಯ್ಯಾ, ಜನ ಹೆದರೋದು ನೋಡ್ತಿದೀನಿ" ಎಂದು ಹಿಂದಿಯಲ್ಲಿ ಹೇಳಿದಳಂತೆ. ಅವನು ಇನ್ನೊಬ್ಬ ಗಾರ್ಡನ್ನು ಕರೆದನಂತೆ.

ನೂರ ನಲವತ್ತನಾಲ್ಕು ಕರಡು ಹಾಳೆಗಳಾದವು. ಗೋಪಿನಾಥ ಹಗಲೆಲ್ಲ ಕೂತು ನೂರ ನಲವತ್ತನಾಲ್ಕನ್ನೂ ತಿದ್ದಿ ಬರೆದ. ಸೀರೆಯ ಒಂದೊಂದು ನೆರಿಗೆಯೂ ಇಸ್ತ್ರಿ ಹಾಕಿದಂತೆ ಬಂತು. ಇಷ್ಟು ಚೆನ್ನಾಗಿ ತಾನು ಯಾವತ್ತೂ ಬರೆದಿಲ್ಲ ಎನ್ನಿಸಿತು ಅವನಿಗೆ.

ಶುಕ್ರವಾರ ಬೆಳಗ್ಗೆ ಬಿಸಿಗಾಳಿ ಎದ್ದಿತ್ತು, ಕಿಟಕಿಯ ಸಂದಿಯಿಂದ ಸಣ್ಣಗೆ ಧೂಳು. ಗೋಪಿನಾಥ ಎಂದಿನಂತೆ ತಿದ್ದಿದ ಹಾಳೆಗಳ ಕಟ್ಟನ್ನು ಬೋರಲು ಹಾಕಿದ, ಮುಖಕ್ಕೆ ಧೂಳು ಬೀಳಬಾರದೆಂದು. ಅಷ್ಟಕ್ಕೂ ಸಮಾಧಾನವಾಗದೆ ಪದ್ಮಕ್ಕನ ಕರಡಿನ ಕಟ್ಟನ್ನೂ ಬೋರಲು ಮಾಡಿ ಅದರ ಮೇಲೆ ಮುಚ್ಚಳದ ಹಾಗೆ ಇಟ್ಟ. ಬೋರ್ಡಿನವರು ಬಂದರೆಂದು ಯಾರೋ ಕೂಗಿದ್ದೇ ಮೇಲಿನ ಕಟ್ಟನ್ನೆತ್ತಿಕೊಂಡು ಓಡಿ ಸ್ಕ್ಯಾನಿಂಗಿಗೆ ಕೊಟ್ಟ. ಧೂಳಿಗೆ ಹೆದರದ ಯಾರಿಗೂ ಇಂಥ ತಪ್ಪು ಮಾಡಲು ಸಾಧ್ಯವಿರಲಿಲ್ಲ.

ಕೆಳಗೆ, ಚಿತ್ರ ತೋರಿಸುವ ಕೋಣೆಯಲ್ಲಿ ಮೊದಲು ಕಂಪ್ಯೂಟರಿನ ಅಜ್ಜಿ ಬಂದಳು. ನುಣ್ಣಗಿದ್ದಳು, ಎಸ್ಕಲೇಟರ್ ಹತ್ತಿದಳು. ಐದೂ ಜನ ತಲೆದೂಗಿದರು. ಆಮೇಲೆ ಪರದೆಯ ಮೇಲೆ ನೀಲಿ ಗೆರೆ ಕಾಣಿಸಿತು. ಗೋಪಿನಾಥ ಕುರ್ಚಿಯಿಂದ ಅರ್ಧ ಎದ್ದ, ತಾನು ಕೊಟ್ಟದ್ದು ಕರಡಿನ ಕಟ್ಟು!

ಅಜ್ಜಿಗೆ ಎರಡು ಮೂಗು. ಪಾದದ ಸುತ್ತ ಹತ್ತು ಪಾದ. ಚಹಾದ ಉಂಗುರ ಮೂಲೆಯಿಂದ ಮೂಲೆಗೆ ಜಿಗಿಯುತ್ತಿದೆ, ಟಿಪ್ಪಣಿಗಳು ಸೊಳ್ಳೆಯ ಹಾಗೆ ಹಾರಾಡುತ್ತಿವೆ. ಅಜ್ಜಿ ಕಾಲು ಮುಂದಿಟ್ಟಳು, ಹಿಂದೆಗೆದಳು. ಸೀರೆ ಎತ್ತಿ ಹಿಡಿದು ಮತ್ತೆ ಮುಂದಿಟ್ಟಳು, ಮತ್ತೆ ಹಿಂದೆಗೆದಳು. ಮೂರನೆಯ ಸಲ ಕಣ್ಣು ಮುಚ್ಚಿ ಹಾರಿಯೇಬಿಟ್ಟಳು. ಮೆಟ್ಟಿಲು ಅವಳನ್ನು ಮೇಲಕ್ಕೆ ಒಯ್ಯುತ್ತಿದ್ದಂತೆ ಒಂದು ಕಣ್ಣು ತೆರೆದು ಸುತ್ತ ನೋಡಿದಳು.

ಕೋಣೆಯಲ್ಲಿ ನಗು ಸಿಡಿಯಿತು. ಬಿಳಿಗೂದಲಿನ ಹಿರಿಯರೊಬ್ಬರು ಮೇಜು ಬಡಿಯುತ್ತ, "ಅರೇ, ಯೇ ತೋ ಮೇರೀ ನಾನೀ ಹೈ!" ಎಂದರು, ತಮ್ಮ ಅಮ್ಮನ ಅಮ್ಮನನ್ನೇ ಕಂಡವರ ಹಾಗೆ. ಇನ್ನೊಮ್ಮೆ ಹಾಕಿ ಎಂದರು. ನಿಹಾರಿಕಾ ನಡುವೆ ಒಂದು ಕಡೆ ಚಿತ್ರವನ್ನು ನಿಲ್ಲಿಸಿ, ಅಮ್ಮ ಕಲಿಸಿದ್ದ ಕನ್ನಡದಲ್ಲಿ ಅಂಚಿನ ಟಿಪ್ಪಣಿಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು: "ಇ...ಲ್ಲಿ ಅಳಿಯನ ಮೇಲೆ ಸಿಟ್ಟು." ಅದನ್ನು ಹಿಂದಿಯಲ್ಲಿ ಹೇಳಿದ್ದೇ ಐದೂ ಜನ ಮತ್ತೆ ನಕ್ಕರು.

ಗೋಪಿನಾಥನಿಗೆ ತಡೆಯಲಾಗಲಿಲ್ಲ. "ಇದು ತಪ್ಪಾಗಿದೆ ಮೇಡಂ! ಇದು ಬರೀ ಕರಡು. ತಿದ್ದಿದ್ದು ಮೇಲಿನ ಕೋಣೆಯಲ್ಲಿದೆ, ಹತ್ತು ನಿಮಿಷ ಕೊಡಿ, ತರ್ತೀನಿ."

ಪದ್ಮಕ್ಕ ಅವನ ಅಂಗಿ ಹಿಡಿದೆಳೆದಳು. ಆದರೆ ಮೂವತ್ತು ವರ್ಷದ ಜಂಬ ಕೇಳಬೇಕಲ್ಲ. ಓಡಿದ, ತಂದ, ಅವರು ಚಹಾ ಮುಗಿಸುವಷ್ಟರಲ್ಲಿ ಹಾಕಿಸಿದ. ಅದೇ ಅಜ್ಜಿ, ಅದೇ ಕಾಲು. ಒಂದೇ ಮೂಗು, ನಡುಗದ ಕಪ್ಪು ಗೆರೆ, ಇಸ್ತ್ರಿ ಹಾಕಿದ ನೆರಿಗೆ. ಯಾರೂ ನಗಲಿಲ್ಲ. ಬಿಳಿಗೂದಲಿನವರು ನಿಹಾರಿಕಾಳ ಕಡೆ ತಿರುಗಿ, ಕಂಪ್ಯೂಟರಿನದನ್ನು ಮತ್ತೆ ಯಾಕೆ ಹಾಕಿದಿರಿ ಎಂದು ಹಿಂದಿಯಲ್ಲಿ ಕೇಳಿದರು.

ಗೋಪಿನಾಥನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅವಮಾನವಾಯಿತು, ಅಳುವೂ ಬಂತು.

"ಅಂಕಲ್," ಎಂದಳು ನಿಹಾರಿಕಾ ಮೆಲ್ಲಗೆ, "ಎರಡೂ ನಿಮ್ಮ ರೂಮಿಂದೇ. ಬೋರ್ಡ್‌ಗೆ ಯಾವ್ದು ಕೊಡೋಣ, ನೀವೇ ಹೇಳಿ."

ಅವನು ಪರದೆಯನ್ನು ನೋಡಿದ. ತಾನು ಎಳೆದ ಅಜ್ಜಿ ಅಲ್ಲಿ ಅಚ್ಚುಕಟ್ಟಾಗಿ ನಿಂತಿದ್ದಳು. ಅವಳಿಗೆ ಭಯವೇ ಇರಲಿಲ್ಲ. ಸರಿಯಾದ ಒಂದು ಗೆರೆಯನ್ನು ಆರಿಸುವಾಗ, ಹೆದರಿ ನಡುಗುತ್ತಿದ್ದ ಉಳಿದ ಮೂರನ್ನು ಅವನೇ ಕೈಬಿಟ್ಟಿದ್ದ. ಮೂವತ್ತು ವರ್ಷದ ಚಿತ್ರಗಳಲ್ಲಿ ಎಷ್ಟು ಅಜ್ಜಿಯರನ್ನು, ಎಷ್ಟು ಕುದುರೆಗಳನ್ನು ಹೀಗೆ ಮಾಡಿರಬಹುದು ತಾನು?

"ಮೊದಲನೇದು," ಎಂದ. ಮತ್ತೆ ಇನ್ನೂ ಗಟ್ಟಿಯಾಗಿ ಹೇಳಿದ, "ಆ ಕರಡೇ ಸರಿ ಮೇಡಂ. ತಿದ್ದೋದು ಬೇಡ."

ಇಡೀ ಚಿತ್ರ ಹಾಗೆಯೇ ಎಂದು ತೀರ್ಮಾನವಾಗಲು ಆಮೇಲೆ ಕಾಲು ಗಂಟೆಯೂ ಹಿಡಿಯಲಿಲ್ಲ. ತೊಂಬತ್ತು ನಿಮಿಷ, ಎಲ್ಲವೂ ಕೈಯಲ್ಲಿ, ಕರಡು ಗೆರೆಯಲ್ಲೇ. ಆರು ಮೇಜಿಗೂ ಜನ ಬರುತ್ತಾರೆ. ಪದ್ಮಕ್ಕ ಕಾರಿಡಾರಿನಲ್ಲಿ ನಿಹಾರಿಕಾಳನ್ನು ತಬ್ಬಿಕೊಂಡಳು, ಕ್ಯಾಂಟೀನಿನ ಭಯ್ಯಾನಿಂದ ಜಿಲೇಬಿ ತರಿಸಿದಳು, ಎದುರಿಗೆ ಸಿಕ್ಕವರ ಬಾಯಿಗೆಲ್ಲ ತುರುಕಿದಳು. ಗೋಪಿನಾಥನೂ ತಿಂದ, ನಕ್ಕ. ಆಮೇಲೆ ಮೇಲಿನ ಕೋಣೆಗೆ ಬಂದು ತನ್ನ ಕಪ್ಪು ಪೆನ್ಸಿಲುಗಳನ್ನು ಡಬ್ಬಿಗೆ ತುಂಬತೊಡಗಿದ.

"ಏನೋ ಅದು?" ಪದ್ಮಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇನ್ನು ತಿದ್ದೋದೇ ಇಲ್ಲವಲ್ಲ ಪದ್ಮಕ್ಕಾ. ನನಗೇನು ಕೆಲಸ ಇಲ್ಲಿ?"

"ತೊಂಬತ್ತು ನಿಮಿಷ ಕಣೋ! ಅಷ್ಟನ್ನೂ ನಾನೊಬ್ಬಳೇ ಬರೀತೀನಾ? ಅಜ್ಜಿ ಹತ್ತಿದ್ದು ನಂದು, ಇಳಿಯೋದು ನಿಂದು. ಕೂತ್ಕೋ." ನೀಲಿ ಪೆನ್ಸಿಲೊಂದನ್ನು ಅವನ ಕೈಗಿಟ್ಟು ತನ್ನ ಮೇಜಿಗೆ ಹೋದಳು.

ಗೋಪಿನಾಥ ಹಾಳೆ ಹಾಸಿ ದೀಪ ಹಾಕಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಹಾಳೆಯ ಕೆಳಗೆ ಇನ್ನೊಬ್ಬರ ಚಿತ್ರವಿರಲಿಲ್ಲ, ಬರೀ ಬೆಳಕಿತ್ತು. ಅವನಿಗೆ ಹೆದರಿಕೆಯಾಯಿತು. ಒಂದು ಗೆರೆ ಎಳೆದ, ವಕ್ರವಾಯಿತು. ಅದರ ಪಕ್ಕದಲ್ಲೇ ಇನ್ನೊಂದೆಳೆದ, ಅದೂ ಹೋಯಿತು. ಮೂರನೆಯದು ಎಲ್ಲಿಗೋ ಹೊರಟು ಮೊಣಕಾಲಾಗಿ ನಿಂತಿತು. ಅವನು ಬಗ್ಗಿ ನೋಡಿದ, ಹಾಳೆಯನ್ನು ದೂರ ಹಿಡಿದು ನೋಡಿದ. ಆಮೇಲೆ ಕುರ್ಚಿ ಬೀಳುವಂತೆ ಎದ್ದು, ಎರಡನೆಯ ಮಹಡಿಗೂ ಕೇಳುವ ಹಾಗೆ ಕೂಗಿದ.

"ಪದ್ಮಕ್ಕಾ, ಬೇಗ ಬನ್ನಿ! ನನ್ನ ಅಜ್ಜಿ ಹೆದರ್ತಿದಾಳೆ!"