ಚೀಟಿಯಿಲ್ಲದ ಅಂಗಿ

ಎಂಬತ್ತಮೂರರಲ್ಲಿ ಕೋಲಾರದಲ್ಲಿ ನಮಗೆ ನೀಲಿ ದೀಪದ ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದ ಮೇಷ್ಟ್ರು ಕಿಟಕಿಗಳಿಗೆ ಕಂಬಳಿ ಕಟ್ಟಿಸಿ, ಹಗಲಲ್ಲೇ ಕೋಣೆ ಕತ್ತಲು ಮಾಡಿದರು. ಬರಿಗಣ್ಣಿಗೆ ಕಾಣದ ಕಲೆ ಈ ದೀಪಕ್ಕೆ ಕಾಣುತ್ತದಂತೆ. ನಾವು ಮೂವತ್ತು ಪೊಲೀಸರು ಉಪ್ಪಿಟ್ಟು ತಿಂದು ತೂಕಡಿಸುತ್ತಿದ್ದೆವು.

"ಸೋಪಿನ ಪುಡೀಲಿ ಒಗೆದ ಬಟ್ಟೆ ಹೊಳೆಯುತ್ತೆ, ಅರಿಶಿನ ಹೊಳೆಯುತ್ತೆ. ರಕ್ತ ಮಾತ್ರ ಹೊಳೆಯಲ್ಲ ಕಣ್ರೀ, ಕಪ್ಪಗೆ ಕಾಣುತ್ತೆ" ಎಂದರು ಮೇಷ್ಟ್ರು.

ಅಭ್ಯಾಸಕ್ಕೆ ಹಳೇ ಬಟ್ಟೆ ತನ್ನಿ ಎಂದಿದ್ದರು. ಹೆಡ್ ಕಾನ್‌ಸ್ಟೇಬಲ್ ಆದ ನಾನು ಠಾಣೆಯ ಬೀರುವಿನಿಂದ ಚೀಟಿಯಿಲ್ಲದ ಒಂದು ಬಿಳಿ ಅಂಗಿ ಎತ್ತಿಕೊಂಡು ಹೋಗಿದ್ದೆ. ದೀಪ ಹಾಯಿಸಿದರು. ಅಂಗಿ ಬೆಳಗಿತು. ಎಡತೋಳಿನ ತುಂಬ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಅದು ಯಾರ ಅಂಗಿ ಎಂದು ಆಗ ನೆನಪಾಯಿತು.

ಆರು ತಿಂಗಳ ಹಿಂದೆ ಕುರುಡುಮಲೆ ಕಡೆಯ ಹಳ್ಳಿಯೊಂದರಲ್ಲಿ ಎಲ್ಲಮ್ಮ ಎಂಬ ಹೆಂಗಸು ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದಳು. ನೀರು ಸೇದುವಾಗ ಕಾಲು ಜಾರಿತು ಎಂದ ಗಂಡ. ಅವಳ ತಾಯಿ ಮುನಿಯಲ್ಲಮ್ಮ ಅಳಿಯನ ಈ ಅಂಗಿಯನ್ನು ಹಗ್ಗದ ಮೇಲಿಂದ ಕಿತ್ತು ತಂದು ನನ್ನ ಕೈಗಿಟ್ಟಳು.

"ಹುಟ್ಟಿದಾಗ್ನಿಂದ ಒಂದು ಟವಲ್ ಹಿಂಡಿದೋನಲ್ಲ ಸಾಮಿ. ಹೆಂಡ್ತಿ ಸತ್ತ ದಿನ ಅಂಗಿ ಒಗ್ದು ಒಣಗಾಕವ್ನೆ! ಈಗ ನನ್ ಚಿಕ್ಕ ಮಗಳ್ನೂ ಅವನಿಗೇ ಕೊಡು ಅಂತ ನೆಂಟ್ರು ಕೂತವ್ರೆ. ನೀವು ನೋಡಿ ಹೇಳಿ, ಅಲ್ಲಿಗಂಟ ನಾನು ಹೂಂ ಅನ್ನಲ್ಲ."

ಸಾಕ್ಷಿಗೆ ಪಂಚರನ್ನು ಕರೆದು, ಅವರೆದುರು ಮಹಜರು ಬರೆದು ಅಂಗಿಗೆ ಚೀಟಿ ಅಂಟಿಸಬೇಕಿತ್ತು. ಪಂಚರು ದೂರದ ಹಿಪ್ಪುನೇರಳೆ ತೋಟದಲ್ಲಿದ್ದರು, ಬಿಸಿಲು ಸುಡುತ್ತಿತ್ತು. ನಾಳೆ ಬರೆದರಾಯಿತು ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ, ಕೇಸು ಆಕಸ್ಮಿಕ ಎಂದು ಮುಚ್ಚಿಹೋಯಿತು.

"ರಕ್ತ ಇದ್ದ ಹಾಗಿದೆ. ಲ್ಯಾಬಿಗೆ ಕಳಿಸಿದರೆ ಖಾತ್ರಿಯಾಗುತ್ತೆ. ಯಾವ ಕೇಸು ಗುರುವಪ್ಪ?" ಎಂದರು ಮೇಷ್ಟ್ರು.

ನಿಜ ಹೇಳಿದರೆ ಮೊದಲು ಸಸ್ಪೆಂಡ್ ಆಗುವವನು ನಾನು.

"ಕೇಸಲ್ಲ ಸಾರ್. ಕುರಿ ಕುಯ್ಯೋರ ಅಂಗಿ."

"ಒಳ್ಳೇ ಮಾದರಿ!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಥೂ, ನಾನೂ ತಟ್ಟಿದೆ.

ಅಂಗಿ ದೀಪದ ಪೆಟ್ಟಿಗೆ ಸೇರಿತು. ಚೆನ್ನಾಗಿ ಕಲಿತಿದ್ದೇನೆಂದು ಉಳಿದ ತಾಲ್ಲೂಕುಗಳ ಪೊಲೀಸರಿಗೆ ಕಲಿಸುವ ಕೆಲಸವೂ ನನಗೇ ಬಂತು. ದೀಪದ ಸುದ್ದಿ ಕೇಳಿ ಮುನಿಯಲ್ಲಮ್ಮ ಠಾಣೆಗೆ ಬಂದಳು.

"ಏನಾನ ಕಾಣಿಸ್ತಾ ಸಾಮಿ?"

"ಏನೂ ಇಲ್ಲಮ್ಮ."

ಅವಳು ಕೈ ಮುಗಿದಳು. "ಪಾಪ, ಅವನ ಮ್ಯಾಲೆ ಸುಮ್ಸುಮ್ನೆ ಅನುಮಾನಪಟ್ಟೆ. ನಿಮ್ಮಂತೋರು ನೋಡಿ ಹೇಳಿದ್ ಮ್ಯಾಲೆ ಇನ್ನೇನು. ಚಿಕ್ಕೋಳ್ನ ಕೊಡ್ತೀನಿ ಬಿಡಿ."

ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಹಸಿ ಸುಳ್ಳು. ಮಾಡಿದವನು ನಾನು, ಉಣ್ಣುವವಳು ಆ ಹುಡುಗಿ. ಇಷ್ಟು ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಮದುವೆಗೆ ಮುನಿಯಲ್ಲಮ್ಮ ನನ್ನನ್ನೂ ಕರೆದಿದ್ದಳು. ಆ ದಿನ ಮಾಲೂರಿನಲ್ಲಿ ತರಬೇತಿಯಿತ್ತು. ಮುಹೂರ್ತದ ಹೊತ್ತಿಗೆ ಕಿಟಕಿಗೆ ಕಂಬಳಿ ಕಟ್ಟಿಸಿ ಅಂಗಿಯ ಮೇಲೆ ದೀಪ ಹಾಯಿಸಿದೆ. ಹೊಸಬರೆಲ್ಲ ಚಪ್ಪಾಳೆ ತಟ್ಟಿದರು.