ನೂರಾ ಮೂವತ್ತೆಂಟು

ಹನ್ನೊಂದು ವರ್ಷ ಕಾಲಿಗೆ ಚಕ್ರ ಕಟ್ಟಿಕೊಂಡು ಮನೆಮನೆ ತಿರುಗಿ ಜನರ ಬಿಪಿ ನೋಡಿದವಳು ನಾನು. ನಮ್ಮ ಸಂಸ್ಥೆ ಯಾವ ಸರ್ಕಾರದ್ದೂ ಅಲ್ಲ, ಯಾವ ಔಷಧ ಕಂಪನಿಯದ್ದೂ ಅಲ್ಲ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆ, ಹೀಗೆ ಒಬ್ಬರಿಂದೊಬ್ಬರಿಗೆ ಅಂಟದ ರೋಗಗಳು ಎಲ್ಲಿ ಯಾರನ್ನು ಹೇಗೆ ಹಿಡಿಯುತ್ತವೆ ಎಂದು ಇಪ್ಪತ್ತಾರು ದೇಶಗಳಲ್ಲಿ ಅಧ್ಯಯನ ಮಾಡುತ್ತದೆ. ಅಷ್ಟು ದೊಡ್ಡ ಕೆಲಸದಲ್ಲಿ ನನ್ನ ಪಾಲು ಒಂದು ಚೀಲ, ಒಂದು ಸ್ಟೆತಸ್ಕೋಪು, ತೋಳಿಗೆ ಸುತ್ತುವ ಪಟ್ಟಿ, ಮುಳ್ಳಿನ ಮೀಟರು.

ನಿಯಮ ಸುಲಭ. ಮೇಲಿನ ಅಂಕಿ ನೂರಾ ನಲವತ್ತರ ಕೆಳಗಿದ್ದರೆ ಬಿಳಿ ಚೀಟಿ ಕೊಟ್ಟು ಎದ್ದು ಬರಬಹುದು. ನಲವತ್ತು ಮುಟ್ಟಿತೋ, ಐದೈದು ನಿಮಿಷ ಸುಮ್ಮನೆ ಕೂರಿಸಿ ಇನ್ನೆರಡು ಸಲ ನೋಡಬೇಕು, ಕೆಂಪು ಚೀಟಿ ಬರೆಯಬೇಕು, ಆಸ್ಪತ್ರೆಗೆ ಫೋನು ಮಾಡಿ ದಿನ ಗೊತ್ತುಮಾಡಬೇಕು. ದಿನಕ್ಕೆ ಹದಿನಾಲ್ಕು ಮನೆ ಮುಗಿಸಬೇಕಾದವಳಿಗೆ ಅದು ಮುಕ್ಕಾಲು ಗಂಟೆಯ ತಲೆನೋವು. ಹಾಗಾಗಿ ನೂರಾ ನಲವತ್ತೆರಡು ಬಂದರೆ ಮೂವತ್ತೆಂಟು ಎಂದು ಬರೆಯತೊಡಗಿದೆ. ನಾಲ್ಕು ಅಂಕಿಗೆ ಯಾರ ಪ್ರಾಣ ಹೋಗುತ್ತದೆ, ಹೇಳಿ? ಆಮೇಲೆ ನಲವತ್ತಾರಕ್ಕೂ ಅದನ್ನೇ ಬರೆದೆ. ಕೈ ಪಳಗಿತು. ಮೂವತ್ತೊಂಬತ್ತು ಬರೆಯುವಷ್ಟು ಪೆದ್ದಿ ನಾನಲ್ಲ. ಮೀಟರಿನಲ್ಲಿ ಗೆರೆ ಇರುವುದು ಎರಡೆರಡು ಅಂಕಿಗೆ.

ಅಕ್ಕನ ಮನೆಯೂ ನನ್ನ ಪಟ್ಟಿಯಲ್ಲೇ ಇತ್ತು. ಭಾವ ಬಸ್ ಡ್ರೈವರ್. ಅವತ್ತು ಕೊನೆಯ ಮನೆ ಅವರದ್ದು.

"ಏನ್ ಡಾಕ್ಟ್ರಮ್ಮ, ಬದುಕ್ತೀನಾ?" ಎಂದು ಒಂದು ಕಾಲಿಗೆ ಬೂಟು ಹಾಕಿಕೊಂಡೇ ತೋಳು ಚಾಚಿದರು.

ನೂರಾ ಅರವತ್ತೆರಡು. ಡ್ಯೂಟಿಯ ಅವಸರ, ಅದಕ್ಕೇ ಏರಿದೆ ಅಂದುಕೊಂಡೆ. ಭಾನುವಾರ ಬಂದು ನಿಧಾನವಾಗಿ ನೋಡಿದರಾಯಿತು ಅಂದುಕೊಂಡೆ. "ನಿಮ್ಗೇನಾಗಿದೆ ಭಾವ, ಗುಂಡುಕಲ್ಲಿನ ಥರ ಇದೀರ" ಎಂದು ಬಿಳಿ ಚೀಟಿ ಹರಿದು ಕೊಟ್ಟೆ. ಆ ಭಾನುವಾರ ಬಟ್ಟೆ ಒಗೆಯುವುದಿತ್ತು. ಮುಂದಿನ ಭಾನುವಾರದ ಹೊತ್ತಿಗೆ ಮರೆತೇಹೋಗಿತ್ತು.

ನಾಲ್ಕು ತಿಂಗಳಾದ ಮೇಲೆ ಡಿಪೋದ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ ಭಾವ ಹಾಗೇ ಕುಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಮಾತಿಲ್ಲದೆ ಮಲಗಿದ್ದು ಹೋಗಿಬಿಟ್ಟರು.

ಅವರು ಕುಸಿದ ದಿನ ಬೆಳಿಗ್ಗೆ ಅಕ್ಕ ಜಗಳ ಆಡಿದ್ದಳು. ದೊಡ್ಡದೇನಲ್ಲ, ಒದ್ದೆ ಟವೆಲನ್ನು ಹಾಸಿಗೆಯ ಮೇಲೆ ಎಸೆದಿದ್ದಕ್ಕೆ. ಅವಳ ಗಂಟಲೇ ಅಂಥದ್ದು, ಮಕ್ಕಳನ್ನು ಊಟಕ್ಕೆ ಕರೆದರೆ ಆಚೆ ಬೀದಿಯವರು ಕೈ ತೊಳೆಯಬೇಕು. ಈಗ ಅವಳು ಮಕ್ಕಳ ಜೊತೆಯೂ ಪಿಸುದನಿಯಲ್ಲೇ ಮಾತಾಡುತ್ತಾಳೆ. ಆ ಬಿಳಿ ಚೀಟಿಯನ್ನು ಭಾವನ ಫೋಟೋದ ಚೌಕಟ್ಟಿಗೆ ಸಿಕ್ಕಿಸಿ, ಬಂದವರಿಗೆಲ್ಲ ತೋರಿಸುತ್ತಾಳೆ.

"ನೋಡಿ, ಬಿಪಿ ಸರಿಯಾಗೇ ಇತ್ತು. ನನ್ ತಂಗೀನೇ ನೋಡಿದ್ದು. ನನ್ ಬಾಯೇ ಅವ್ರನ್ನ ತಿಂದ್ಕೊಳ್ತು."

ಏಳು ತಿಂಗಳು ಅವಳ ಪಕ್ಕದಲ್ಲಿ ಕೂತು, ಬೆನ್ನು ಸವರುತ್ತಾ, "ಹಾಗನ್ಬೇಡ ಅಕ್ಕ" ಎಂದೆ. ಯಾಕೆ ಅನ್ನಬಾರದು ಎಂದು ಮಾತ್ರ ಹೇಳಲಿಲ್ಲ. ನನ್ನಷ್ಟು ಹೇಡಿ ಇನ್ನೊಬ್ಬಳಿಲ್ಲ.

ಮೊನ್ನೆ ಶುಕ್ರವಾರ ಚಾಳೀಸು ಮೇಡಂ ನನ್ನನ್ನು ಕರೆಸಿದರು. ಅಂಕಿಅಂಶ ನೋಡಲು ಹೊಸದಾಗಿ ಬಂದವರು. ಕನ್ನಡಕ ಸದಾ ಮೂಗಿನ ತುದಿಯಲ್ಲಿರುವುದರಿಂದ ನಾವು ಇಟ್ಟ ಹೆಸರು ಅದು. ಕಂಪ್ಯೂಟರಿನಲ್ಲಿ ಎಲ್ಲರ ಅಳತೆಗಳೂ ಕಂಬಗಳಾಗಿ ನಿಂತಿದ್ದವು. ಉಳಿದವರದ್ದು ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತಿತ್ತು. ನನ್ನದರಲ್ಲಿ ನೂರಾ ಮೂವತ್ತೆಂಟರ ಮೇಲೆ ಒಂದೇ ಕಂಬ, ಬಯಲಲ್ಲಿ ನೀರಿನ ಟ್ಯಾಂಕು ನಿಂತ ಹಾಗೆ. ಅದರಾಚೆಗೆ ಹೆಚ್ಚುಕಡಿಮೆ ಖಾಲಿ.

"ನಿಮ್ ಏರಿಯಾದಲ್ಲಿ ಯಾರಿಗೂ ನಲವತ್ತೆರಡು ಬರೋದೇ ಇಲ್ವಾ?" ಎಂದರು. ಬೈಯಲಿಲ್ಲ. ಬೈದಿದ್ದರೆ ಜಗಳಕ್ಕಾದರೂ ನಿಲ್ಲುತ್ತಿದ್ದೆ.

ಒಪ್ಪಿಕೊಂಡೆ. ನನ್ನ ಹನ್ನೊಂದು ವರ್ಷದ ಅಂಕಿಗಳನ್ನೆಲ್ಲ ಅಧ್ಯಯನದಿಂದ ತೆಗೆದುಹಾಕುತ್ತಾರಂತೆ. ಸೋಮವಾರ ಚೀಲ ಒಪ್ಪಿಸಿ ಮನೆಗೆ ಹೋಗಬೇಕಂತೆ.

"ಮೂವತ್ತೆಂಟು ಅಂತಿರೋ ಪ್ರತಿ ಮನೆಗೂ ಸೋಮವಾರ ಪತ್ರ ಹೋಗುತ್ತೆ, ಅಳತೆ ನಂಬಬೇಡಿ, ಮತ್ತೆ ನೋಡಿಸ್ಕೊಳ್ಳಿ ಅಂತ. ಆರುನೂರ ಹನ್ನೆರಡು ಮನೆ," ಎಂದರು ಮೇಡಂ. "ಅವ್ರಲ್ಲಿ ಎಷ್ಟು ಜನ ತೀರ್ಕೊಂಡಿದಾರೆ ಅನ್ನೋದೂ ಇಲ್ಲಿದೆ. ನೋಡ್ತೀರಾ?"

ನೋಡಲಿಲ್ಲ. ಅದರಲ್ಲಿ ಒಬ್ಬರು ಯಾರೆಂದು ನನಗೆ ಗೊತ್ತಿತ್ತು, ಅಷ್ಟೇ ಸಾಕಾಗಿತ್ತು.

ಪತ್ರ ಹೇಳುವುದಕ್ಕೆ ಮುಂಚೆ ನಾನೇ ಹೇಳಬೇಕು ಎಂದು ಭಾನುವಾರ ಅಕ್ಕನ ಮನೆಗೆ ಹೋದೆ. ಭಾವನಿಗಾಗಿ ಬರುತ್ತೇನೆ ಅಂದುಕೊಂಡಿದ್ದ ಭಾನುವಾರ ಹೆಚ್ಚುಕಡಿಮೆ ಒಂದು ವರ್ಷ ತಡವಾಗಿ ಬಂದಿತ್ತು. ಚೀಲ ಹೆಗಲ ಮೇಲೇ ಇತ್ತು.

"ಇವತ್ತೂ ಡ್ಯೂಟೀನಾ?" ಎಂದು ಅಕ್ಕ ಪಿಸುಗುಟ್ಟಿದಳು.

"ನಿನ್ ಬಿಪಿ ನೋಡ್ತೀನಿ, ಕೈ ಕೊಡು" ಎಂದೆ. ಪಟ್ಟಿ ಸುತ್ತಿ, ಗಾಳಿ ತುಂಬಿ, ಮುಳ್ಳಿನ ಮೇಲೆ ಕಣ್ಣಿಟ್ಟೆ. ನೂರಾ ಐವತ್ತೆಂಟು.

"ಜಾಸ್ತಿ ಇದೆ ಅಕ್ಕ."

"ನಂಗೆ ಏರಿದ್ರೆ ಏರ್ಲಿ ಬಿಡು. ಏನೂ ಇಲ್ದೇ ಇದ್ದವ್ರೇ ಹೋದ್ರು, ನನ್ ದೆಸೆಯಿಂದ."

"ಅವ್ರಿಗೆ ಇತ್ತು. ನೂರಾ ಅರವತ್ತೆರಡು ಇತ್ತು. ಮೂವತ್ತೆಂಟು ಅಂತ ಸುಳ್ಳು ಬರ್ದಿದ್ದು ನಾನು."

ಅಕ್ಕ ಫೋಟೋದ ಕಡೆ ತಿರುಗಿದಳು.

"ಹಾಗಾದ್ರೆ ನನ್ನಿಂದ ಅಲ್ವಾ?"

"ಅಲ್ಲ ಅಕ್ಕ."

ಅವಳು ಅಳತೊಡಗಿದಳು. ಏಳು ತಿಂಗಳ ಅಭ್ಯಾಸ, ನನ್ನ ಕೈ ತಾನಾಗಿ ಅವಳ ಬೆನ್ನಿಗೆ ಹೋಯಿತು. ಅವಳು ತಟ್ಟನೆ ತಲೆ ಎತ್ತಿದಳು.

"ನಾನು ದಿನಾ ಸಾಯ್ತಿದ್ರೆ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ಯಲ್ಲೇ!"

ಆಚೆ ಬೀದಿಗೆ ಕೇಳುವ ಅವಳ ಹಳೆಯ ದನಿ ಅದು. ಒಳಗಿನಿಂದ ಮಕ್ಕಳು ಓಡಿಬಂದು ಬಾಗಿಲಲ್ಲೇ ನಿಂತರು. ಪಟ್ಟಿ ಬಿಚ್ಚಲು ಹೋದೆ. ಅವಳು ನನ್ನ ಕೈ ತಳ್ಳಿದಳು.

"ಇನ್ನೆರಡು ಸಲ ನೋಡ್ಬೇಕಲ್ವಾ ನೀನು? ನೋಡು. ಸರಿಯಾಗಿ ನೋಡಿ, ಚೀಟಿ ಬರ್ದಿಟ್ಟು ಹೋಗು. ಮತ್ತೆ ಈ ಮನೆ ಮೆಟ್ಲು ಹತ್ಬೇಡ."

ಐದು ನಿಮಿಷ ಎದುರುಬದುರು ಕೂತೆವು. ಗಡಿಯಾರ ನೋಡುತ್ತಾ ಪೂರ್ತಿ ಕಾದೆ. ನೂರಾ ಅರವತ್ತನಾಲ್ಕು. ಮತ್ತೆ ಐದು ನಿಮಿಷ. ನೂರಾ ಅರವತ್ತು. ಬಂದದ್ದನ್ನು ಬಂದ ಹಾಗೇ ಬರೆದು ಕೆಂಪು ಚೀಟಿ ಕೊಟ್ಟೆ. ಅಕ್ಕ ಎದ್ದು, ಫೋಟೋದಿಂದ ಬಿಳಿ ಚೀಟಿಯನ್ನು ಕಿತ್ತು ನನ್ನ ಚೀಲದೊಳಗೆ ಹಾಕಿ, ಬಾಗಿಲು ತೆಗೆದು ನಿಂತಳು.